ಅಂಗಳದ ಕೆಲಸಕ್ಕೆ ಜನ ಹಿಡಿಯುವುದು

ಕಾಸರಗೋಡಿನ ಉತ್ತರ ಭಾಗದಲ್ಲಿ, ಚಂದ್ರಗಿರಿ ಹೊಳೆಯಿಂದ ತಲಪಾಡಿಯವರೆಗಿನ ಊರುಗಳಲ್ಲಿ, ಅಂಗಳಕ್ಕೆ ಮಣ್ಣು ತುಂಬಿಸಿ, ಜಲ್ಲಿ ಹರಡಿಸಿ, ಗಿಡಗಳ ಬುಡಕ್ಕೆ ತರಗೆಲೆ ಹೊದಿಸುವ ಕೆಲಸ ಒಂದೇ ಭಾಷೆಯಲ್ಲಿ ಮುಗಿಯುವುದು ಅಪರೂಪ. ಮನೆಯವರ ಮಾತು ಕನ್ನಡ, ಮೇಸ್ತ್ರಿಯೊಡನೆ ತುಳು, ಟಿಪ್ಪರಿನವರೊಡನೆ ಮಲಯಾಳ, ಗುದ್ದಲಿ ಹಿಡಿದವರು ಬಂಗಾಳ ಅಸ್ಸಾಮಿನ ಕಡೆಯವರಾದರೆ ಹಿಂದಿ. ಕರೆಯುವ ರೀತಿಯೂ ಅದಕ್ಕೆ ತಕ್ಕಂತೆ: ಮೇಸ್ತ್ರಿ ಅಣ್ಣ, ಚಾಲಕ ಏಟ್ಟ, ಬಂಗಾಳದವರು ವಯಸ್ಸು ನೋಡದೆ ಭಾಯಿ.

ಕೆಲಸ ಕೆಟ್ಟಾಗ ಭಾಷೆಯ ಮೇಲೆ ಗೂಬೆ ಕೂರಿಸುವುದು ವಾಡಿಕೆ. ಮಾತು ಹೇಗೋ ಮುಟ್ಟುತ್ತದೆ, ಕೈಕೊಡುವುದು ಅಳತೆ. ‘ಎರಡು ಲೋಡ್’ ಎಂದರೆ ನಾಲ್ಕೂ ಭಾಷೆಯವರಿಗೆ ಅರ್ಥವಾಗುತ್ತದೆ, ಆದರೆ ಎಷ್ಟು ಮಣ್ಣು ಎಂದು ಒಬ್ಬರಿಗೂ ತಿಳಿದಿರುವುದಿಲ್ಲ. ಎಂಟಡಿ ಉದ್ದ, ಐದಡಿ ಅಗಲ, ಎರಡೂವರೆ ಅಡಿ ಎತ್ತರದ ಟಿಪ್ಪರ್ ತೊಟ್ಟಿಯಲ್ಲಿ ಮಟ್ಟಸವಾಗಿ ಹಿಡಿಯುವುದು 100 ಘನ ಅಡಿ. ತೊಟ್ಟಿ ದೊಡ್ಡದಾದರೆ ಅದೇ ‘ಲೋಡ್’ ಇದರ ಇಮ್ಮಡಿಯೂ ಆದೀತು. ಬೆಳಗಾವಿ, ನಿಪ್ಪಾಣಿ ಕಡೆಯ ಗಡಿಯಲ್ಲಿ 100 ಘನ ಅಡಿಗೆ ‘ಬ್ರಾಸ್’ ಎಂಬ ಹೆಸರಿದ್ದು, ಕನ್ನಡದವರೂ ಮರಾಠಿಯವರೂ ಅದರಲ್ಲೇ ದರ ಮಾತಾಡುತ್ತಾರೆ. ಕಾಸರಗೋಡಿನಲ್ಲಿ ‘ನೂರು ಅಡಿ’ ಎಂದಾಗ ಅದು ಘನ ಅಡಿಯೇ ಎಂದು ಖಚಿತಪಡಿಸಿಕೊಂಡು, ಸುರಿಯುವ ಮುನ್ನ ತೊಟ್ಟಿಗೆ ಟೇಪು ಹಿಡಿಯುವುದು ಕ್ಷೇಮ. ಯಾರೂ ಬೇಸರಿಸುವುದಿಲ್ಲ, ಬೇಸರಿಸಿದರೆ ಅದಕ್ಕೊಂದು ಕಾರಣವಿರುತ್ತದೆ.

ಬೇಕಾದ ಪ್ರಮಾಣದ ಲೆಕ್ಕ ಸುಲಭ. 400 ಚದರ ಅಡಿ ಜಾಗಕ್ಕೆ ಮೂರಿಂಚು ದಪ್ಪ ಹಾಸಲು 100 ಘನ ಅಡಿ ಸಾಕು. ಸಡಿಲ ಮಣ್ಣು ಮೊದಲ ಮಳೆಗೆ ಐದರಲ್ಲೊಂದು ಪಾಲು ಇಳಿಯುವುದು ಸಾಮಾನ್ಯವಾದ್ದರಿಂದ ಮಣ್ಣಿಗೆ ಮಾತ್ರ ಸ್ವಲ್ಪ ಹೆಚ್ಚು ಹಿಡಿಯಬೇಕು.

ಮೇಲ್ಮಣ್ಣು ಕೇಳಿದವರಿಗೆ ಹೆಚ್ಚಾಗಿ ಬಂದು ಬೀಳುವುದು ಗುಡ್ಡ ಜರಿದ ಕೆಂಪು ಮಣ್ಣು. ನೋಡಲು ಚಂದ, ತುಂಬಿಸಲು ಒಳ್ಳೆಯದು, ಗಿಡಕ್ಕೆ ಮಾತ್ರ ಬರಡು. ಮುರಕಲ್ಲಿನ ನೆಲದ ಅಡಿಮಣ್ಣು ಹುಳಿ, ಸಾವಯವ ಅಂಶ ಕಡಿಮೆ, ಮಳೆ ನಿಂತ ಮೇಲೆ ಗಟ್ಟಿ. ನಿಜವಾದ ಮೇಲ್ಮಣ್ಣು ಕಪ್ಪು ಛಾಯೆಯದು. ಹಿಡಿಯಲ್ಲಿ ಒತ್ತಿ ಬಿಟ್ಟರೆ ಉದುರುತ್ತದೆ, ಬೇರಿನ ಎಳೆ, ಎರೆಹುಳು ಕಾಣುತ್ತವೆ. ಅದು ಸಿಗದಿದ್ದರೆ ಕೆಂಪು ಮಣ್ಣಿಗೇ ಹಟ್ಟಿಗೊಬ್ಬರ, ಸುಡುಮಣ್ಣು, ಸ್ವಲ್ಪ ಸುಣ್ಣ ಬೆರೆಸಿ ಒಂದು ಮಳೆಗಾಲ ಬಿಟ್ಟರಾಯಿತು. ಅಂಗಳದ ಅಂಚು ಹಿಂದೆ ಗದ್ದೆಯಾಗಿದ್ದರೆ ತುಂಬಿಸುವ ಮಾತೆತ್ತುವ ಮೊದಲು 2008ರ ಕೇರಳ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆಯೇ ಎಂದು ಗ್ರಾಮ ಕಚೇರಿಯಲ್ಲಿ ವಿಚಾರಿಸುವುದು ಅಗತ್ಯ.

ಸಾದಾ ಮಣ್ಣು ಕೂಡ ಕೇರಳದಲ್ಲಿ 2015ರ ಉಪಖನಿಜ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ವ್ಯಾಪಾರದ ಮಣ್ಣನ್ನು ಅಗೆದು ಸಾಗಿಸಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ, ಲೋಡಿನ ಜತೆ ಪಾಸು ಇರಬೇಕು. ರಾತ್ರಿ ಹೊತ್ತು ಬರುವ ಮಣ್ಣು ಅಗ್ಗವಾಗಲು ಇವು ಇಲ್ಲದಿರುವುದೇ ಗುಟ್ಟು. ಪಾಸಿನ ಮಲಯಾಳ ಓದಲು ಬಾರದವರು ನೆರೆಮನೆಯ ಶಾಲೆಗೆ ಹೋಗುವ ಮಗುವಿಗೆ ಕೊಟ್ಟು ಓದಿಸುವುದುಂಟು. ಇಲಾಖೆಗೆ ಬರೆಯಬೇಕಾದ ಅರ್ಜಿಯನ್ನಾದರೋ ಕನ್ನಡದಲ್ಲೇ ಬರೆಯಬಹುದು; 1969ರ ಕೇರಳ ಆಡಳಿತ ಭಾಷಾ ಕಾಯ್ದೆ ತಮಿಳು, ಕನ್ನಡ ಅಲ್ಪಸಂಖ್ಯಾತರಿಗೆ ಆ ಹಕ್ಕು ಕೊಟ್ಟಿದೆ.

ಲೋಡ್ ಇಳಿಸುವುದು ಕೇರಳದಲ್ಲಿ ಪ್ರತ್ಯೇಕ ಅಧ್ಯಾಯ. ಹೇರಿಳಿಸುವ ಕಾರ್ಮಿಕರಿಗಾಗಿ 1978ರ ಕಾಯ್ದೆ, ಕ್ಷೇಮನಿಧಿ ಮಂಡಳಿ, ಬಲವಾದ ಸಂಘಟನೆಗಳಿವೆ. ಕೆಲಸ ಮಾಡದೆ ನಿಂತು ನೋಡಿದ್ದಕ್ಕೆ ಕೇಳುವ ‘ನೋಕ್ಕುಕೂಲಿ’ಯನ್ನು ಸರಕಾರ 2018ರ ಮೇ 1ರಿಂದ ನಿಷೇಧಿಸಿದೆ; ತೊಟ್ಟಿ ಎತ್ತಿ ತಾನೇ ಸುರಿಯುವ ಟಿಪ್ಪರಿಗೆ ಇಳಿಸುವ ಕೂಲಿ ಕೊಡಬೇಕಾದ್ದಿಲ್ಲ. ಮುರಕಲ್ಲು, ಗೊಬ್ಬರದ ಚೀಲಗಳಂತೆ ಕೈಯಿಂದ ಇಳಿಸುವ ವಸ್ತುವಾದರೆ ಯಾರು ಇಳಿಸುತ್ತಾರೆ, ದರವೆಷ್ಟು ಎಂಬುದನ್ನು ಗಾಡಿ ಗೇಟಿಗೆ ಬರುವ ಮೊದಲೇ ಮಾತಾಡಿರಬೇಕು.

ಜಲ್ಲಿಯ ವಿಷಯದಲ್ಲಿ ಗೊಂದಲ ಕಡಿಮೆ. ಮಲಯಾಳದವರ ‘ಮೆಟ್ಟಲ್’ ಕನ್ನಡದವರ ಜಲ್ಲಿಯೇ. ಮುಕ್ಕಾಲು ಇಂಚು, ಅರ್ಧ ಇಂಚು ಎಂದರೆ ಎರಡೂ ಕಡೆ ಒಂದೇ ಕಲ್ಲು. ನಡೆದಾಡುವ ದಾರಿಗೆ ಅರ್ಧ ಇಂಚು, ಕಾರು ಹತ್ತುವಲ್ಲಿ ಮುಕ್ಕಾಲು ಹೊಂದುತ್ತದೆ. ಅಡಿಯಲ್ಲಿ ಮುರಕಲ್ಲ ಚೂರು ಬಡಿದು ಗಟ್ಟಿಮಾಡಿ, ಬದಿಗೆ ಕೆತ್ತಿದ ಕಲ್ಲಿನ ಅಂಚು ಕಟ್ಟದಿದ್ದರೆ ಇಲ್ಲಿನ ಮಳೆ ಒಂದೇ ಆಟಿ ತಿಂಗಳಲ್ಲಿ ಜಲ್ಲಿಯನ್ನು ತೋಡಿಗೆ ಸೇರಿಸುತ್ತದೆ. ಈ ಕೆಲಸ ಪತ್ತನಾಜೆಗೆ ಮೊದಲೇ, ಎಂದರೆ ಮೇ ಕೊನೆಯ ವಾರದೊಳಗೆ ಮುಗಿಯಬೇಕು. ಆಗ ಜನ ಸಿಗುವುದೂ ಕಷ್ಟ, ಎಲ್ಲರ ಮನೆಯಲ್ಲೂ ಮಳೆಗಾಲದ ತಯಾರಿ.

ಹೊದಿಕೆಯ ಕಾಲ ಅದಕ್ಕೆ ವಿರುದ್ಧ. ತುಲಾ ತಿಂಗಳ ಮಳೆ ಹಿಂದೆ ಸರಿದು ನೆಲದಲ್ಲಿ ಪಸೆಯಿರುವಾಗಲೇ ಬುಡ ಮುಚ್ಚಬೇಕು. ಪೇಟೆಯಿಂದ ತರುವ ಮರದ ಚಕ್ಕೆಗೆ ಇಲ್ಲಿ ದುಡ್ಡು ಸುರಿಯುವುದು ದಂಡ. ಗೇರುಮರದಡಿಯ ತರಗೆಲೆ, ಅಡಕೆ ಸೋಗೆ, ತೆಂಗಿನ ಸಿಪ್ಪೆ ಹಿತ್ತಲಲ್ಲೇ ಇವೆ. ತರಗೆಲೆ ಬೇಗ ಕುಗ್ಗುವುದರಿಂದ ಅರ್ಧ ಅಡಿ ಹಾಕಿದರೂ ಹೆಚ್ಚಲ್ಲ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟರಾಯಿತು. ಒರಲೆಯ ಕಾಟವಿರುವಲ್ಲಿ ಮನೆಯ ಗೋಡೆಯಿಂದ ಇನ್ನೂ ದೂರ. ಸಿಪ್ಪೆಯಲ್ಲಿ ಒಂದು ಸೂಕ್ಷ್ಮವಿದೆ: ನೆಲದ ಮೇಲೆ ಹಾಸುವಾಗ ಬೆನ್ನು ಮೇಲೆ, ಗುಂಡಿಯಲ್ಲಿ ಹೂಳುವಾಗ ನೀರು ಹಿಡಿಯಲೆಂದು ಹೊಟ್ಟೆ ಮೇಲೆ. ಇದನ್ನು ಹಿಂದಿಯಲ್ಲಿ ವಿವರಿಸಹೊರಟವರು ಸೋತಿದ್ದಾರೆ. ಮನೆಯವರೇ ಕೂತು ಒಂದು ತೆಂಗಿನ ಬುಡಕ್ಕೆ ಸಿಪ್ಪೆ ಜೋಡಿಸಿ ತೋರಿಸಿದರೆ ಉಳಿದ ಮರಗಳಿಗೆ ಮಾತೇ ಬೇಕಿಲ್ಲ.

ಸಂಬಳದ ಲೆಕ್ಕವೋ ಕಂತ್ರಾಟೋ ಎಂಬುದು ಕೆಲಸದ ಮೇಲೆ ಹೋಗುತ್ತದೆ. ಜಲ್ಲಿ ಹರಡುವುದು, ಮಣ್ಣು ಹೊರುವುದು ಅಳೆಯಬಹುದಾದ ಕೆಲಸವಾದ್ದರಿಂದ ಕಂತ್ರಾಟು ಸರಿ. ಬುಡ ಬಿಡಿಸುವುದು, ಹೊದಿಸುವುದು ದಿನದ ಸಂಬಳಕ್ಕೆ ಮಾಡಿಸಿದರೇ ಅಚ್ಚುಕಟ್ಟು, ಏಕೆಂದರೆ ಕಂತ್ರಾಟಿನವರ ಅವಸರಕ್ಕೆ ಬೇರು ಕಡಿದುಹೋಗುತ್ತದೆ. ಗುದ್ದಲಿ, ಬುಟ್ಟಿ ಯಾರದು, ಚಾ ಊಟ ಸೇರಿಯೋ ಬಿಟ್ಟೋ, ಅರ್ಧ ದಿನಕ್ಕೆ ಮಳೆ ಬಂದರೆ ಲೆಕ್ಕ ಹೇಗೆ ಎಂಬುದನ್ನು ಮೊದಲ ದಿನವೇ ಹೇಳಬೇಕು. ಭಾಯಿಗಳ ಹಣವನ್ನು ಮೇಸ್ತ್ರಿಯ ಕೈಗೆ ಕೊಡುವುದಾದರೆ ತಲೆಗೆ ಎಷ್ಟು ಎಂಬುದು ಅವರಿಗೂ ಗೊತ್ತಿರಬೇಕು. ಅಂಕಿಯನ್ನು ಚೀಟಿಯಲ್ಲಿ ಬರೆದು ತೋರಿಸಿದರೆ ಸಾಕು. ಜಲ್ಲಿ ಕೆಲಸದ ಕಂತ್ರಾಟಿನಲ್ಲಿ ಒಂದಂಶ ಹಣವನ್ನು ಮೊದಲ ಎರಡು ದೊಡ್ಡ ಮಳೆ ಕಳೆಯುವವರೆಗೆ ಹಿಡಿದಿಡುವುದಾದರೆ ಅದನ್ನೂ ಆಗಲೇ ಒಪ್ಪಿಸಿಕೊಂಡಿರಬೇಕು. ನೀರು ನಿಂತ ಜಾಗ ಸರಿಪಡಿಸಲು ಮೇಸ್ತ್ರಿ ಮತ್ತೆ ಬರುವುದು ಹೆಚ್ಚಾಗಿ ಆ ಬಾಕಿಗಾಗಿಯೇ.