ದಿಗ್ವ್ರತ ಮತ್ತು ನಕ್ಷೆಯ ಓಟ

ಓರಿಯೆಂಟಿಯರಿಂಗ್ ಎಂಬುದು ಸ್ವೀಡನ್ ದೇಶದಲ್ಲಿ ಬೆಳೆದ ಕ್ರೀಡೆ. ನಕ್ಷೆ, ದಿಕ್ಸೂಚಿಗಳನ್ನು ಹಿಡಿದು, ಗೊತ್ತುಪಡಿಸಿದ ತಾಣಗಳನ್ನು ಕ್ರಮವಾಗಿ ಮುಟ್ಟುತ್ತ ಓಡಬೇಕು. ದಾರಿಯ ಆಯ್ಕೆ ಓಟಗಾರನದು. ಕಾಡಿನಲ್ಲಷ್ಟೇ ಅಲ್ಲ, ನಗರದ ಓಣಿಗಳಲ್ಲಿಯೂ ಇದು ನಡೆಯುತ್ತದೆ. 2014ರ ವಿಶ್ವಸ್ಪರ್ಧೆಯ ಇಂಥ ಓಟ ನಡೆದುದು ಇಟಲಿಯ ವೆನಿಸ್ಸಿನಲ್ಲಿ. ಗೆಲ್ಲುವವರಿಗೆ ಬೇಕಾಗುವುದು ಸುಮಾರು 15 ನಿಮಿಷ.

ಲಕ್ಷ್ಮೇಶ್ವರದ ನಮ್ಮ ಮನೆಯ ಹುಡುಗನಿಗೆ ಈ ಆಟದಲ್ಲಿ ಒಲವು. ಯಾವ ಊರಿನ ಓಟಕ್ಕೆ ಹೋಗಲಿ ಎಂದು ಕೇಳಿದನು. ಅಷ್ಟು ಹೊತ್ತಿನ ಓಟಕ್ಕೆ ಎರಡು ದಿನಗಳ ಪ್ರಯಾಣವೇ ಎಂಬುದು ಹಿರಿಯರ ಆಕ್ಷೇಪ. ಶ್ರಾವಕನ ಗುಣವ್ರತಗಳಲ್ಲಿ ಇದಕ್ಕೆ ಉತ್ತರವಿದೆಯೆಂದು ನನಗೆ ತೋರಿತು. ದಿಗ್ವ್ರತವು ಸಂಚಾರಕ್ಕೆ ಎಲ್ಲೆ ಕಟ್ಟುತ್ತದೆ. ಅನರ್ಥದಂಡವ್ರತವು ನಿಷ್ಪ್ರಯೋಜಕವಾದ ಹಿಂಸೆಯನ್ನು ಬಿಡಿಸುತ್ತದೆ.

ಆದುದರಿಂದ ವರ್ಷದ ಆರಂಭದಲ್ಲಿಯೇ ದೂರದ ಎಲ್ಲೆಯನ್ನು ಗೊತ್ತುಮಾಡಿದೆವು. ಪಟ್ಟಿ ನೋಡಿದ ಮೇಲೆ ಎಲ್ಲೆ ಹಾಕಹೊರಟರೆ ಅದನ್ನು ಹಾಕುವುದು ಆಸೆಯೇ. ರಾತ್ರಿಯ ಓಟ ಬೇಡ, ಕಾಲಡಿಯ ಜೀವ ಕಾಣದು. ಮುನಿಗಳೇ ಒಂದೆಡೆ ನಿಲ್ಲುವ ಚಾತುರ್ಮಾಸದಲ್ಲಿ ಹೊರಡುವುದು ಬೇಡ. ಹೋದ ಊರಿನಲ್ಲಿ ಬಸದಿ, ಗ್ರಂಥಾಲಯ, ಹಳೆಯ ಪೇಟೆಗಳನ್ನು ನೋಡಲು ಬಿಡುವಿರಬೇಕು.

ಆತನು ಬಹಳ ಬಯಸಿದ ಓಟವೊಂದು ಶ್ರಾವಣದಲ್ಲಿ ಬಂದಿತು. ಹೋಗಲಿಲ್ಲ, ಎರಡು ದಿನ ಸರಿಯಾಗಿ ಮಾತನಾಡಲೂ ಇಲ್ಲ. ಬಳಿಕ ಶಂಖಬಸದಿಯ ಸುತ್ತಲಿನ ಓಣಿಗಳ ನಕ್ಷೆಯನ್ನು ತಾನೇ ಬರೆಯತೊಡಗಿದನು. ಮಳೆ ಕಳೆದ ಮೇಲೆ ಗದಗ-ಬೆಟಗೇರಿ, ಶಿರಹಟ್ಟಿ, ಮುಂಡರಗಿಗಳ ನಕ್ಷೆಯೂ ಆಗಬೇಕಂತೆ. ನಮ್ಮ ಬಸದಿಗಳ ಮಂಡಳಿಗಳು ಮಕ್ಕಳಿಗಾಗಿ ಇಂಥದೊಂದು ನಡಿಗೆಯನ್ನು ಏರ್ಪಡಿಸಿದರೆ, ಪ್ರಯಾಣವಿಲ್ಲದೆಯೇ ಅವರಿಗೆ ದಿಕ್ಕುಗಳ ಪರಿಚಯವಾದೀತು.