ಕೊಳಲಿನವನ ಜಮಾಖರ್ಚು

ಮಕ್ಕಳನ್ನು ಪಾಠಕ್ಕೆ ಸೇರಿಸಲು ಬರುವ ತಂದೆತಾಯಿಯರ ಮುಖದಲ್ಲಿ ಒಂದು ನೆಮ್ಮದಿ ಇರುತ್ತದೆ. ಸದ್ಯ, ಕೊಳಲು ಅಂದಳು, ವೀಣೆ ಅನ್ನಲಿಲ್ಲ! ವೀಣೆಗೆ ಹಲಸಿನ ಮರ ಬೇಕು, ವರ್ಷಗಳಿಗೊಮ್ಮೆ ಮೇಳ ಕಟ್ಟಿಸಬೇಕು, ಬಸ್ಸಿನಲ್ಲಿ ಅದಕ್ಕೂ ಒಂದು ಸೀಟು ಹಿಡಿಯಬೇಕು. ಕೊಳಲಾದರೆ ಒಂದು ಬಿದಿರು, ಬೆರಳಾಡಿಸಲು ಎಂಟು ತೂತು, ಊದಲು ಇನ್ನೊಂದು. ನಾನೇನೂ ಅವರ ನೆಮ್ಮದಿ ಕೆಡಿಸಲು ಹೋಗುವುದಿಲ್ಲ. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಅವರಿಗೇ ಗೊತ್ತಾಗುತ್ತದೆ, ಒಂದು ಕೊಳಲಿನಿಂದ ಸಂಸಾರ ಸಾಗುವುದಿಲ್ಲ ಎಂದು. ಪಿಟೀಲಿನವರು ಬಿರಡೆ ತಿರುಗಿಸಿ ಶ್ರುತಿ ಬದಲಿಸಿಕೊಳ್ಳುತ್ತಾರೆ. ನಾವು ಕೊಳಲನ್ನೇ ಬದಲಿಸಬೇಕು.

ರಂಗಪ್ರವೇಶಗಳಲ್ಲಿ ಇದು ಚೆನ್ನಾಗಿ ಅರಿವಾಗುತ್ತದೆ. ಒಂದು ತಿಂಗಳಿಂದ ಐದು ಮನೆ ಶ್ರುತಿಯಲ್ಲಿ ತಾಲೀಮು ನಡೆದಿರುತ್ತದೆ. ಕಾರ್ಯಕ್ರಮದ ದಿನ ಹಾಡುವವರು ಕತ್ತಿಗೆ ಮಫ್ಲರ್ ಸುತ್ತಿಕೊಂಡು ಬಂದು, "ಸಾರ್, ಗಂಟಲು ಕೂತಿದೆ, ನಾಲ್ಕೂವರೆಗೆ ಇಳಿಸೋಣ್ವಾ?" ಎನ್ನುತ್ತಾರೆ. ಮೃದಂಗದವರು ಸುತ್ತಿಗೆ ಹುಡುಕುತ್ತಾರೆ. ನಾನು ಚೀಲ ಬಿಚ್ಚುತ್ತೇನೆ. ಐದು ಮನೆಯದಿದೆ, ಅದು ಒಡೆದರೆ ಇರಲಿ ಎಂದು ತಂದ ಇನ್ನೊಂದು ಐದು ಮನೆಯದೂ ಇದೆ. ನಾಲ್ಕೂವರೆಯದು ಮಾತ್ರ ಮಳೆಗಾಲದಲ್ಲಿ ಸೀಳುಬಿಟ್ಟು, ದಾರ ಸುತ್ತಿಸಿಕೊಂಡು ಮಲಗಿದೆ. ಅದನ್ನೇ ಎತ್ತಿಕೊಂಡು, ಮೇಲಿನ ಸ್ಥಾಯಿಗೆ ಹೋದಾಗಲೆಲ್ಲ ದೇವರ ಮೇಲೆ ಭಾರ ಹಾಕಿ ಊದಿದ್ದೂ ಉಂಟು.

ಖರ್ಚಿನ ಮಾತು ಹೀಗಾದರೆ, ಜಮಾ ಕಡೆಯದು ಬೇರೆಯೇ ಪುರಾಣ. ಸಂಬಳದವರಿಗೆ ತಿಂಗಳಿಗೊಂದು ತಾರೀಖು ಇರುತ್ತದೆ. ಸಂಗೀತಗಾರನಿಗೆ ಇರುವುದು ಪಂಚಾಂಗ. ರಾಮನವಮಿಗೆ ಬೆಂಗಳೂರಿನ ಚಾಮರಾಜಪೇಟೆಯಿಂದ ಹಿಡಿದು ಸಣ್ಣ ಬಡಾವಣೆಯ ಪೆಂಡಾಲಿನವರೆಗೆ ಕಚೇರಿಗಳು, ವೈಶಾಖದಲ್ಲಿ ಮದುವೆ, ಭಾದ್ರಪದದಲ್ಲಿ ಗಣೇಶ, ಆಮೇಲೆ ದಸರಾ. ಆಷಾಢಕ್ಕೆ ಎಲ್ಲ ಗಪ್‌ಚಿಪ್. 2023ರಲ್ಲಂತೂ ಆಷಾಢ ಮುಗಿಯಿತೆಂದು ಉಸಿರು ಬಿಡುವಷ್ಟರಲ್ಲಿ ಅಧಿಕ ಶ್ರಾವಣ ಬಂದು ಕೂತಿತು: ಜೂನ್ ನಡುವಿನಿಂದ ಆಗಸ್ಟ್ ನಡುವಿನವರೆಗೆ ಛತ್ರಗಳಿಗೆ ಬೀಗ. ಗುರು, ಶುಕ್ರರಿಗೆ ಅಸ್ತ ಬಂದರೂ ನನ್ನ ಅಡುಗೆಮನೆಗೆ ಅದರ ಬಿಸಿ ತಟ್ಟುತ್ತದೆ. ಜ್ಯೋತಿಷ್ಯದಲ್ಲಿ ನಂಬಿಕೆ ಇದೆಯೇ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ? ನನ್ನ ಮಟ್ಟಿಗೆ ಅದು ಅರ್ಥಶಾಸ್ತ್ರ.

ಈ ಬರಗಾಲದಲ್ಲಿ ಕೈಹಿಡಿಯುವುದು, ನಗಬೇಡಿ, ಅಮೆರಿಕದ ಶಾಲೆಗಳ ಬೇಸಿಗೆ ರಜೆ. ಅಲ್ಲಿ ನೃತ್ಯ ಕಲಿತ ನಮ್ಮವರ ಹುಡುಗಿಯರು ರಂಗಪ್ರವೇಶಕ್ಕೆಂದು ಜೂನ್, ಜುಲೈಯಲ್ಲಿ ಬೆಂಗಳೂರಿಗೆ ಬರುತ್ತಾರೆ. ಅಜ್ಜಿ ಆಷಾಢ ಎಂದು ರಾಗ ಎಳೆಯುತ್ತಾರೆ. ಆದರೆ ಮೊಮ್ಮಗಳ ಶಾಲೆ ಆಷಾಢವನ್ನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲವಲ್ಲ.

ಇನ್ನು ಸಂಭಾವನೆ. ಅದು ಲಕೋಟೆಯಲ್ಲಿ ಬರುತ್ತದೆ, ಮೂಲೆಯಲ್ಲಿ ಒಂದು ರೂಪಾಯಿಯ ನಾಣ್ಯ ಅಂಟಿಸಿರುತ್ತದೆ. ಜೊತೆಗೆ ಒಂದು ಶಾಲು, ಹಾರ, ಹಣ್ಣಿನ ಬುಟ್ಟಿ, ಫ್ರೇಮು ಹಾಕಿಸಿದ ಸ್ಮರಣಿಕೆ. ಕೆಲವು ಸಭೆಗಳಲ್ಲಿ ಮೈಸೂರು ಪೇಟವನ್ನೂ ತೊಡಿಸುತ್ತಾರೆ. ಬೀರುವಿನಲ್ಲಿ ಶಾಲುಗಳು ತುಂಬಿ, ಈಚೆಗೆ ಅವು ನಮ್ಮ ಮನೆಯಿಂದ ಬೇರೆಯವರ ಸನ್ಮಾನಕ್ಕೆ ಪ್ರಯಾಣ ಬೆಳೆಸುತ್ತಿವೆ. ಅದರಲ್ಲೊಂದು ಸುತ್ತಿ ಸುತ್ತಿ ನನ್ನ ಹೆಗಲಿಗೇ ವಾಪಸು ಬಂದರೂ ಆಶ್ಚರ್ಯವಿಲ್ಲ. ಸರ್ಕಾರಕ್ಕೆ ಮಾತ್ರ ನಮ್ಮ ಮೇಲೆ ಬಹಳ ಪ್ರೀತಿ: ಶಾಸ್ತ್ರೀಯ, ಜಾನಪದ ಕಲಾವಿದರ ಕಾರ್ಯಕ್ರಮಕ್ಕೆ ₹1,50,000ದವರೆಗಿನ ಸಂಭಾವನೆಗೆ ಜಿಎಸ್‌ಟಿ ವಿನಾಯಿತಿ ಕೊಟ್ಟಿದೆ. ಆ ಗಡಿಯನ್ನು ನಾನು ದೂರದಿಂದಲೇ ನೋಡಿ ಕೈ ಮುಗಿಯುತ್ತೇನೆ.

ಕರ್ನಾಟಕ ಸಂಗೀತದ ಪಿತಾಮಹರೆನ್ನುವ ಪುರಂದರದಾಸರು ಮೊದಲು ಲೇವಾದೇವಿ ವ್ಯಾಪಾರದಲ್ಲಿದ್ದವರು; ನವಕೋಟಿ ನಾರಾಯಣ ಎಂಬ ಹೆಸರಿತ್ತೆಂದು ಐತಿಹ್ಯ. ಅವರು ಎಲ್ಲವನ್ನೂ ದಾನ ಮಾಡಿ ತಂಬೂರಿ ಹಿಡಿದರು. ನಾವು ಮೊದಲು ತಂಬೂರಿ ಹಿಡಿದು, ಆಮೇಲೆ ಲೇವಾದೇವಿಯವರ ಬಾಗಿಲಿಗೆ ಹೋಗುತ್ತೇವೆ. ಅಂದಹಾಗೆ ತಂಬೂರಿಯ ಖರ್ಚನ್ನು ನಮ್ಮ ತಲೆಯಿಂದ ಇಳಿಸಿದವರು ಬೆಂಗಳೂರಿನ ಜಿ. ರಾಜ್ ನಾರಾಯಣ್. ಅವರು ಎಂಜಿನಿಯರ್, ಜೊತೆಗೆ ಕೊಳಲು ವಾದಕರು. ಅವರ ರಾಡೆಲ್ ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆ ಬಂದಮೇಲೆ ಹಿಂದೆ ಕೂತು ತಂತಿ ಮೀಟುವವರನ್ನು ಹುಡುಕುವ ಕೆಲಸ ತಪ್ಪಿತು. ಈಗ ಅದೂ ಮೊಬೈಲಿನೊಳಗೆ ಸೇರಿಹೋಗಿದೆ. ಕಚೇರಿಯ ನಡುವೆ ಫೋನ್ ಬಂದರೆ ಷಡ್ಜ ನಿಂತುಹೋಗುವ ಭಾಗ್ಯ ನಮ್ಮ ಕಾಲದವರಿಗೆ ಮಾತ್ರ.

ನಾನು ಕಂಡುಕೊಂಡ ಉಪಾಯ ದೊಡ್ಡದೇನಲ್ಲ. ಯುಗಾದಿಗೆ ಹೊಸ ಪಂಚಾಂಗ ತಂದು, ಒಣ ತಿಂಗಳುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತೇನೆ. ಹಿಂದಿನ ವರ್ಷ ಕೈಗೆ ಬಂದದ್ದನ್ನು ಹನ್ನೆರಡರಿಂದ ಭಾಗಿಸಿ, ಅದಕ್ಕಿಂತ ತುಸು ಕಡಿಮೆ ಮೊತ್ತವನ್ನು ತಿಂಗಳ ಮೊದಲ ದಿನ ನನಗೆ ನಾನೇ ಸಂಬಳವೆಂದು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾಕಿಕೊಳ್ಳುತ್ತೇನೆ. "ನಿಮ್ಮ ಕಂಪನೀಲಿ ಬೋನಸ್ ಇಲ್ವಾ?" ಎಂದು ಹೆಂಡತಿ ಕೇಳುತ್ತಾಳೆ. ಕೈಗೆ ಬರುವವರೆಗೆ ಯಾವ ಹಣವನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಂಘಟಕರ "ಮುಂದಿನ ವಾರ ಹಾಕ್ತೀವಿ ಸಾರ್"ಗೆ ನನ್ನ ಪುಸ್ತಕದಲ್ಲಿ ಪ್ರತ್ಯೇಕ ಪುಟವಿದೆ. ಅದನ್ನು ಕೆಲವೊಮ್ಮೆ ಕಾದಂಬರಿಯ ಹಾಗೆ ಓದಿಕೊಳ್ಳುತ್ತೇನೆ.

ಹೇಳಬೇಕಾದ ನಿಜ ಏನೆಂದರೆ, ಸಂಗೀತಗಾರನ ಉತ್ಸಾಹ ಬತ್ತುವುದು ಹಣ ಕಡಿಮೆಯಾಗಿ ಅಲ್ಲ, ಹಣ ಕಾದು ಕಾದು. ಬಾರದ ಫೋನಿಗೆ ಕಿವಿಕೊಟ್ಟವನಿಗೆ ಶ್ರುತಿ ಕೇಳಿಸುವುದಿಲ್ಲ. ಲೆಕ್ಕ ಬರೆಯಲು ಶುರುಮಾಡಿದ ಮೇಲೆ ನಾನು ಶ್ರೀಮಂತನೇನೂ ಆಗಲಿಲ್ಲ. ಬೆಳಿಗ್ಗೆ ಮಂದ್ರದ ಉದ್ದ ಸ್ವರಗಳನ್ನು ಊದುವಾಗ ಬಾಡಿಗೆಯ ನೆನಪು ಮಾತ್ರ ಬರುವುದಿಲ್ಲ. ಊದದೇ ಬಿಡುವ ಹಾಗೂ ಇಲ್ಲವೆನ್ನಿ. ನಾಲ್ಕು ದಿನ ಬಿಟ್ಟರೆ ತುಟಿ ಮಾತು ಕೇಳುವುದಿಲ್ಲ, ನಾದದ ಬದಲು ಬರೀ ಗಾಳಿ. ಮನಸ್ಸು ಬಂದಾಗ ನುಡಿಸುವ ವೈಭವ ಕೊಳಲಿನ ಮಾಲಿ, ಅಂದರೆ ಟಿ.ಆರ್. ಮಹಾಲಿಂಗಂ ಅವರಿಗೆ ಒಪ್ಪುತ್ತಿತ್ತು. ಅವರು ಕಚೇರಿಗೆ ಬಾರದೇ ಇರುತ್ತಿದ್ದರು, ಬಂದರೆ ನಡುವೆಯೇ ಎದ್ದು ಹೋಗುತ್ತಿದ್ದರು. ಆದರೂ ಮುಂದಿನ ಸಲ ಜನ ಸೇರುತ್ತಿದ್ದರು. ನಾನು ಎದ್ದು ಹೋದರೆ ಆ ಜಾಗದಲ್ಲಿ ಕೀಬೋರ್ಡಿನವರು ಕೊಳಲಿನ ಗುಂಡಿ ಒತ್ತುತ್ತಾರೆ, ಅಷ್ಟೆ.

ಮದುವೆ ಆರತಕ್ಷತೆಯಲ್ಲಿ ಸಿನಿಮಾ ಹಾಡು ನುಡಿಸುವುದನ್ನು ಕಂಡು ಮೂಗು ಮುರಿಯುವ ವಿದ್ವಾಂಸರಿದ್ದಾರೆ. ಅವರಿಗೆ ನಾನು ಗದಗಿನ ಕಡೆ ಕೈ ತೋರಿಸುತ್ತೇನೆ. ಅಲ್ಲಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಉಚಿತವಾಗಿ ಊಟ, ವಸತಿ, ಸಂಗೀತ. ಪಂಚಾಕ್ಷರಿ ಗವಾಯಿಗಳು 1944ರಲ್ಲಿ ತೀರಿಕೊಂಡ ಮೇಲೆ ಆ ಭಾರವೆಲ್ಲ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಿತ್ತು. ಅವರು ನಾಟಕ ಬರೆದರು, ಆಶ್ರಮದ್ದೇ ನಾಟಕ ಕಂಪನಿ ನಡೆಸಿದರು. ಊರೂರಲ್ಲಿ ಪರದೆ ಕಟ್ಟಿ ಬಂದ ಹಣ ಮಕ್ಕಳ ರೊಟ್ಟಿಗೆ ಹೋಯಿತು. ಭಕ್ತರು ಮಾಡಿದ ತುಲಾಭಾರದ ಕಾಣಿಕೆಯೂ ಅಲ್ಲಿಗೇ. ನಾಟಕದ ಹಾಡು ಹಾಡಿದ್ದರಿಂದ ಅಲ್ಲಿನ ಖಯಾಲ್ ಏನೂ ಮೈಲಿಗೆಯಾಗಲಿಲ್ಲ.

ನನ್ನ ಮಟ್ಟಿಗೆ ಮದುವೆ ಛತ್ರದಿಂದ ಇನ್ನೂ ಒಂದು ಲಾಭವಿದೆ. ಅಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ. ವಧೂವರರು ಕ್ಯಾಮೆರಾ ಕಡೆ, ಬಂದವರು ಚಾಟ್ ಕೌಂಟರ್ ಕಡೆ. ಎರಡು ಸಿನಿಮಾ ಹಾಡಿನ ನಡುವೆ ನಾನು ನನ್ನ ಹೊಸ ರಚನೆಯ ಒಂದೆರಡು ಸಾಲು ತೂರಿಸುತ್ತೇನೆ. ಎಲ್ಲಿ ತಾಳ ಜಗ್ಗುತ್ತದೆ, ಎಲ್ಲಿ ಉಸಿರು ಸಾಲದು ಎಂಬುದು ಅಲ್ಲೇ ಗೊತ್ತಾಗುತ್ತದೆ. ದುಡ್ಡು ಕೊಟ್ಟು ತಾಲೀಮಿಗೆ ಜಾಗ ಬಿಟ್ಟುಕೊಡುವವರು ಬೇರೆ ಯಾರಿದ್ದಾರೆ?

ಹೀಗೆ ಬೆಳೆದ ರಚನೆಗಳನ್ನು ಧ್ವನಿಮುದ್ರಿಸಿ ಇಂಟರ್‌ನೆಟ್ಟಿಗೆ ಬಿಡುವುದು ನನ್ನ ಚಟ. ಚಟವೆಂದೇ ಖರ್ಚು ಬರೆಯುತ್ತೇನೆ, ಬಂಡವಾಳವೆಂದಲ್ಲ. ಹಾಗೆ ಬರೆದರೆ ದುಃಖ ಕಡಿಮೆ. ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಸ್ಪಾಟಿಫೈ 2024ರಿಂದ ಕಾಸು ಕೊಡುವುದಿಲ್ಲ. ಕೊಟ್ಟಾಗಲೂ ಆ ಮೊತ್ತದಲ್ಲಿ ಕಾಫಿ ಕುಡಿಯಲು ಸ್ನೇಹಿತನನ್ನು ಕರೆಯುವ ಹಾಗಿರಲಿಲ್ಲ. ಮೊದಮೊದಲು ರಾತ್ರಿ ಎದ್ದೆದ್ದು ಎಷ್ಟು ಜನ ಕೇಳಿದರೆಂದು ನೋಡುತ್ತಿದ್ದೆ. ಈಗ ಹಾಡು ಬಿಟ್ಟ ದಿನವೇ ಮುಂದಿನದಕ್ಕೆ ಪಲ್ಲವಿ ಹುಡುಕಲು ಕೂರುತ್ತೇನೆ. ಅದರ ತಲೆನೋವಿನಲ್ಲಿ ಇದರ ಅಂಕಿ ಮರೆತುಹೋಗುತ್ತದೆ.

2026ರ ಪಂಚಾಂಗದಲ್ಲಿ ಜ್ಯೇಷ್ಠವೇ ಅಧಿಕ. ಮೇ ನಡುವಿನಿಂದ ಜೂನ್ ನಡುವಿನವರೆಗೆ ಮದುವೆಯಿಲ್ಲ. ಸ್ಟುಡಿಯೋ ನಡೆಸುವ ಗೆಳೆಯನಿಗೆ ಫೋನ್ ಮಾಡಿ, ಆ ತಿಂಗಳು ನಿನ್ನ ಕಡೆಯೂ ಖಾಲಿಯೇ ಇರುತ್ತದಲ್ಲ, ಗಂಟೆಯ ದರ ಇಳಿಸು, ಐದು ಹಾಡು ಮುಗಿಸುತ್ತೇನೆ ಎಂದೆ. ಅವನು ಒಪ್ಪಿದ. ಫೋನ್ ಇಡುವ ಮುಂಚೆ, "ಮುಂಗಡ ಯಾವಾಗ ಕೊಡ್ತೀಯ?" ಎಂದು ಕೇಳಿದ.

"ಮುಂದಿನ ವಾರ ಹಾಕ್ತೀನಿ" ಎಂದೆ.