ದೇವನಹಳ್ಳಿ ಹಾದಿಯಲ್ಲಿ ನಾಲ್ಕು ಡಬ್ಬಿಗಳು

ನೀವು ಮನೆಯಲ್ಲಿ ಇಪ್ಪತ್ತು ವರ್ಷದಿಂದ ಅಡಿಗೆ ಮಾಡುತ್ತಿರಬಹುದು. ಹಬ್ಬದಲ್ಲಿ ಮೂವತ್ತು ಎಲೆ ಹಾಕಿ ಬಡಿಸಿದಾಗಲೂ ಕೈ ನಡುಗಿರಲಿಕ್ಕಿಲ್ಲ. ಆದರೆ ಯಾರೋ ಬಂದು, "ಅಕ್ಕಾ, ನಮ್ಮೂರ ಹೆಂಗಸರ ಮುಂದೆ ಅದನ್ನೇ ಒಂದ್ಸಲ ಮಾಡಿ ತೋರಿಸಿ" ಎಂದುಬಿಟ್ಟರೆ? ನನಗಂತೂ ಆ ರಾತ್ರಿ ನಿದ್ದೆ ಹತ್ತಲಿಲ್ಲ ನೋಡಿ.

ನಮ್ಮದು ದೊಡ್ಡಬಳ್ಳಾಪುರ. ನಮ್ಮ ಬೀದಿಗೆ ಬಂದರೆ ಮೊದಲು ನಿಮ್ಮ ಕಿವಿಗೆ ಬೀಳುವುದು ವಿದ್ಯುತ್ ಮಗ್ಗಗಳ ಖಟಖಟ. ಹೊಸದಾಗಿ ಬಂದವರಿಗೆ ತಲೆನೋವು ಬರುತ್ತದೆ. ನಮಗೆ ಆ ಸದ್ದು ನಿಂತರೆ ತಲೆನೋವು. ಹೋದ ವರ್ಷ ನಮ್ಮ ಮನೆಯ ನಾಲ್ಕು ಮಗ್ಗಗಳಲ್ಲಿ ಎರಡು ನಿಂತವು. ಯಜಮಾನರು ಏನೂ ಹೇಳಲಿಲ್ಲ. ಊಟಕ್ಕೆ ಕೂತಾಗ ಎರಡನೇ ಸಲ ಸಾರು ಕೇಳುವುದನ್ನು ಮಾತ್ರ ಬಿಟ್ಟರು. ಆಗಲೇ ನಾನು ಮೊಳಕೆ ರಾಗಿಯ ಹಿಟ್ಟು ಮಾಡಿ ಮಾರುವ ಯೋಚನೆ ಹಿಡಿದದ್ದು.

ಕಲಿತದ್ದು ನಮ್ಮ ತಾಲ್ಲೂಕಿನ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ. ಇಂಥ ಕೇಂದ್ರಗಳಲ್ಲಿ ದೇಶಕ್ಕೇ ಮೊದಲನೆಯದು ೧೯೭೪ರಲ್ಲಿ ಪಾಂಡಿಚೇರಿಯಲ್ಲಿ ಆರಂಭವಾಯಿತು. ಹಾಡೋನಹಳ್ಳಿಯದು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು. ಕೃಷಿ ಎಂದರೆ ಗಂಡಸರ ಕೆಲಸ ಎಂದುಕೊಂಡು ನಾವು ಆ ಕಡೆ ತಲೆ ಹಾಕುವುದೇ ಇಲ್ಲ. ಆದರೆ ಅಲ್ಲಿ ಗೃಹವಿಜ್ಞಾನ ಬಲ್ಲವರಿದ್ದಾರೆ, ರಾಗಿಯಿಂದ ಏನೇನು ಮಾಡಬಹುದೆಂದು ಕೈಹಿಡಿದು ತೋರಿಸುತ್ತಾರೆ. ನಿಮ್ಮ ಜಿಲ್ಲೆಯಲ್ಲೂ ಒಂದಿರುತ್ತದೆ, ವಿಚಾರಿಸಿ ನೋಡಿ.

ಕರೆ ಬಂದದ್ದು ದೇವನಹಳ್ಳಿಯಿಂದಾಚೆ, ವಿಜಯಪುರದ ದಾರಿಯ ಒಂದು ಹಳ್ಳಿಯಿಂದ. ಅಲ್ಲಿಯ ಸ್ತ್ರೀಶಕ್ತಿ ಸಂಘದ ಹೆಂಗಸೊಬ್ಬರು ಮದುವೆ ಮನೆಯಲ್ಲಿ ಸಿಕ್ಕಿ, ಮೊಳಕೆ ರಾಗಿ ಸರಿಯನ್ನು ಮಾಡಿ ತೋರಿಸಿದರೆ, ಎಲ್ಲರಿಗೂ ಒಪ್ಪಿಗೆಯಾದರೆ, ತಿಂಗಳಿಗೆ ಇಪ್ಪತ್ತು ಕಿಲೋ ಹಿಟ್ಟು ನನ್ನಿಂದಲೇ ಕೊಳ್ಳುವುದಾಗಿ ಹೇಳಿದರು. ಇಪ್ಪತ್ತು ಕಿಲೋ! ಮನಸ್ಸಿನಲ್ಲೇ ಲೆಕ್ಕ ಹಾಕಿ ಮಗಳ ಕಾಲೇಜಿನ ಫೀಸು ಕಟ್ಟಿಯೂ ಬಿಟ್ಟೆ. ಆಮೇಲೆ ಪಕ್ಕದ ಮನೆಯಾಕೆ ಅಂದಳು: "ಅಲ್ಲಕಣೇ, ಮಾಡೋದನ್ನ ನೀನೇ ಕಲಿಸಿಬಿಟ್ಟರೆ ನಿನ್ನ ಹಿಟ್ಟು ಯಾರು ಕೊಳ್ತಾರೆ?" ಉತ್ತರ ನನ್ನ ಹತ್ತಿರ ಇರಲಿಲ್ಲ. ಮುಖ್ಯವಾದ ಒಂದು ಹಂತವನ್ನು ಹೇಳದೆ ನುಂಗಿಬಿಡಲೇ ಎಂದೂ ಒಂದು ಗಳಿಗೆ ಅನ್ನಿಸಿತು. ಸುಳ್ಳೇಕೆ ಹೇಳಲಿ.

ಈಗ ತಯಾರಿಯ ವಿಷಯಕ್ಕೆ ಬರುತ್ತೇನೆ. ನೀವೂ ಒಂದು ದಿನ ಹೀಗೆ ನಿಲ್ಲಬೇಕಾಗಬಹುದು. ಪ್ರಾತ್ಯಕ್ಷಿಕೆಗೂ ಮನೆ ಅಡಿಗೆಗೂ ಇರುವ ದೊಡ್ಡ ವ್ಯತ್ಯಾಸ ಹೊತ್ತಿನದು. ರಾಗಿ ಹನ್ನೆರಡು ಗಂಟೆ ನೆನೆಯಬೇಕು, ನಡುವೆ ಒಂದೆರಡು ಸಲ ನೀರು ಬದಲಿಸಬೇಕು. ಆಮೇಲೆ ಬಸಿದು ತೆಳು ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಇಡಬೇಕು, ಚಳಿಗಾಲವಾದರೆ ಒಂದೂವರೆ ದಿನ. ಮೊಳಕೆ ಕಾಳಿನಷ್ಟುದ್ದ ಬಂದರೆ ಸಾಕು, ಹೆಚ್ಚಾದರೆ ಕಹಿ. ಮತ್ತೆ ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆಯನ್ನು ಉದುರಿಸಿ ಕೇರಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಹುರಿದು, ಆರಿಸಿ ಮಿಲ್ಲಿಗೆ ಹಾಕಿಸಬೇಕು. ಮಿಲ್ಲಿನವನು ಮೆಣಸಿನಪುಡಿ ಮಾಡಿದ ಕಲ್ಲಿಗೇ ನಮ್ಮ ರಾಗಿಯನ್ನು ಸುರಿಯದಂತೆ ಎದುರಲ್ಲೇ ನಿಂತಿರಿ. ಮಗುವಿನ ಬಾಯಿಗೆ ಹೋಗುವ ಹಿಟ್ಟು ಅದು. ಇಷ್ಟೆಲ್ಲ ಮೂರು ನಾಲ್ಕು ದಿನದ ಕೆಲಸ. ಜನ ಕೂತಿರುವುದು ಒಂದು ಗಂಟೆ. ಹಾಗಾಗಿ ಪ್ರತಿ ಹಂತದ್ದನ್ನೂ ಒಂದೊಂದು ಡಬ್ಬಿಯಲ್ಲಿ ಒಯ್ಯಬೇಕು: ನೆನೆದದ್ದು, ಮೊಳೆತದ್ದು, ಒಣಗಿದ್ದು, ಹಿಟ್ಟು. ಅವರ ಎದುರು ಮಾಡುವುದು ಕಡೆಯ ಹತ್ತು ನಿಮಿಷದ ಕುದಿಸುವ ಕೆಲಸ ಮಾತ್ರ.

ಇದು ಹೊಳೆಯಬೇಕಾದರೆ ನನಗೆ ಎರಡು ದಿನ ಹಿಡಿಯಿತು. ಪುಷ್ಯ ಮಾಸದ ಚಳಿ ಬೇರೆ, ಘಾಟಿಯ ದನಗಳ ಜಾತ್ರೆಯ ದಿನಗಳು. ನಾನು ಕಟ್ಟಿಟ್ಟ ರಾಗಿ ಒಂದು ದಿನ ಕಳೆದರೂ ಕಣ್ಣು ಬಿಡಲಿಲ್ಲ. ಗಂಟನ್ನು ನೀರು ಕಾಯಿಸುವ ಹಂಡೆಯ ಒಲೆಯ ಪಕ್ಕ ಇಟ್ಟು, ಎದ್ದೆದ್ದು ಹೋಗಿ ಮುಟ್ಟಿ ನೋಡಿದೆ. ಚೊಚ್ಚಲ ಬಾಣಂತಿಯನ್ನೂ ಯಾರೂ ಹಾಗೆ ನೋಡಿಕೊಂಡಿರಲಾರರು. ಎರಡನೇ ಬೆಳಿಗ್ಗೆ ಬಿಳೀ ಮೊಳಕೆ ಇಣುಕಿತ್ತು. ಒಂದು ಮಾತು: ಹುಳಿ ವಾಸನೆ ಬಂದರೆ, ಬೂಷ್ಟು ಕಂಡರೆ, ದುಡ್ಡಿನ ಮುಖ ನೋಡದೆ ತಿಪ್ಪೆಗೆ ಹಾಕಿ.

ಇನ್ನು ಮಾತು. ಮಗಳನ್ನೂ ಪಕ್ಕದ ಮನೆಯಾಕೆಯನ್ನೂ ಚಾಪೆಯ ಮೇಲೆ ಕೂರಿಸಿ ಒಂದು ಸಲ ಒಪ್ಪಿಸಿದೆ. ಅರ್ಧ ಗಂಟೆ ಆಗುತ್ತದೆಂದುಕೊಂಡದ್ದು ಆರು ನಿಮಿಷಕ್ಕೆ ಮುಗಿದಿತ್ತು! "ಅಮ್ಮಾ, ನೀನು ಪಾತ್ರೆಗೆ ಹೇಳ್ತಿದ್ದೀಯ, ನಮಗಲ್ಲ" ಅಂದಳು ಮಗಳು. ನಿಜ, ತಲೆಯೇ ಎತ್ತಿರಲಿಲ್ಲ. ಅಳತೆಯಲ್ಲೂ ತಪ್ಪಿದ್ದೆ. ನಾನು "ಒಂದು ಲೋಟ" ಅಂದರೆ ಪಕ್ಕದ ಮನೆಯಾಕೆಯ ಲೋಟ ನಮ್ಮದಕ್ಕಿಂತ ದೊಡ್ಡದು. ಆಮೇಲೆ ಚಮಚದ ಲೆಕ್ಕಕ್ಕೆ ಬಂದೆ, ಆ ಚಮಚವನ್ನೇ ಚೀಲದಲ್ಲಿ ಹಾಕಿಕೊಂಡೆ. ಹಿಟ್ಟನ್ನಂತೂ ಬೇಕಾದ ಎರಡರಷ್ಟು ಒಯ್ದೆ. ಆ ಬುದ್ಧಿ ಯಾರು ಕೊಟ್ಟರೋ, ಅವರ ಹೊಟ್ಟೆ ತಣ್ಣಗಿರಲಿ.

ಹೊರಟ ದಿನ ಬೆಳಿಗ್ಗೆ ಎಂಟಕ್ಕೆ ಬಸ್ಸು. ೨೦೨೩ರ ಜೂನಿನಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲವಲ್ಲ, ಆ ಒಂದು ಧೈರ್ಯ. ಗ್ಯಾಸ್ ಸಿಲಿಂಡರ್ ಬಸ್ಸಿನಲ್ಲಿ ಒಯ್ಯುವಂತಿಲ್ಲ, ಒಲೆ ಅಲ್ಲಿಯೇ ಇರಲಿ ಎಂದು ಮೊದಲೇ ಹೇಳಿಟ್ಟಿದ್ದೆ. ಕಿಟಕಿ ಪಕ್ಕ ಕೂತು ತೊಡೆಯ ಮೇಲೆ ನಾಲ್ಕು ಡಬ್ಬಿಗಳ ಚೀಲ ಇಟ್ಟುಕೊಂಡೆ.

ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಇಪ್ಪತ್ತು ಕಿಲೋಮೀಟರಿನ ಮೇಲೆ ಸ್ವಲ್ಪ. ನೀವು ಈ ದಾರಿಯಲ್ಲಿ ಬಂದಿಲ್ಲವಾದರೆ ಒಮ್ಮೆ ಬನ್ನಿ. ಊರು ದಾಟಿದರೆ ಕಲ್ಲುಕಂಬ ನೆಟ್ಟು ತಂತಿ ಬಿಗಿದ ದ್ರಾಕ್ಷಿ ಚಪ್ಪರಗಳು. 'ಬೆಂಗಳೂರು ಬ್ಲೂ' ಎನ್ನುವ, ಬೀಜವಿರುವ ಕಪ್ಪು ದ್ರಾಕ್ಷಿ ಇದೇ ಸೀಮೆಯದು. ದೂರದಲ್ಲಿ ನಂದಿಬೆಟ್ಟದ ಬೆನ್ನು. ಚಪ್ಪರದಕಲ್ಲಿನ ಹತ್ತಿರ ಬಯಲಲ್ಲಿ ಎದ್ದು ನಿಂತ ಜಿಲ್ಲಾಡಳಿತ ಭವನ. ೧೯೮೬ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಾದ ಮೇಲೂ ಬಹಳ ಕಾಲ ಜನ ಕಚೇರಿ ಕೆಲಸಕ್ಕೆ ಬೆಂಗಳೂರು ಪಟ್ಟಣಕ್ಕೇ ಓಡಬೇಕಿತ್ತು. ಇನ್ನು ವಿಮಾನಗಳು! ೨೦೦೮ರಲ್ಲಿ ನಿಲ್ದಾಣ ಶುರುವಾದಾಗಿನಿಂದ ರಾಗಿ ಹೊಲದ ಮೇಲೇ ಹೊಟ್ಟೆ ತೋರಿಸುತ್ತಾ ಇಳಿಯುತ್ತವೆ. ಬೇರೆ ದಿನ ಆಗಿದ್ದರೆ ಎಲ್ಲ ಕಣ್ತುಂಬ ನೋಡುತ್ತಿದ್ದೆ. ಅವತ್ತು ನನ್ನ ಬಾಯಲ್ಲಿ "ಎಲ್ಲರಿಗೂ ನಮಸ್ಕಾರ, ಇವತ್ತು ನಾವು" ಎನ್ನುವ ಒಂದೇ ಸಾಲು ಸುತ್ತುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೂವಿನ ಬುಟ್ಟಿಯಾಕೆ ನಾನು ಮಂತ್ರ ಹೇಳುತ್ತಿದ್ದೇನೆಂದುಕೊಂಡು ಸ್ವಲ್ಪ ಸರಿದು ಕೂತಳು.

ದೇವನಹಳ್ಳಿಯಲ್ಲಿ ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ ಇತ್ತು. ಕೋಟೆಯ ಕಡೆ ಕಾಲು ಹೋಯಿತು. ಟಿಪ್ಪು ಸುಲ್ತಾನ್ ಹುಟ್ಟಿದ ಊರು ಇದು. ಹುಟ್ಟಿದ ಜಾಗದಲ್ಲಿ ಕಲ್ಲುಕಂಬಗಳ ಸಣ್ಣ ಮಂಟಪವೊಂದಿದೆ. ಕೋಟೆಯೊಳಗೆ ಈಗಲೂ ಮನೆಗಳಿವೆ, ವೇಣುಗೋಪಾಲಸ್ವಾಮಿಯ ಗುಡಿಯಿದೆ. ದೇವರ ಮುಂದೆ ಚೀಲ ಇಳಿಸಿ, ಇಪ್ಪತ್ತು ಕಿಲೋ ಎಂದು ಬಾಯಿಬಿಟ್ಟು ಕೇಳಲು ನಾಚಿಕೆಯಾಗಿ, ಗಂಟು ಕಟ್ಟದಿದ್ದರೆ ಸಾಕು ಎಂದು ಕೈಮುಗಿದೆ.

ಈ ಊರಿಗೆ ಇನ್ನೊಂದು ಹೆಸರಿದೆ, ಚಕ್ಕೋತ. ಸೊಪ್ಪಲ್ಲ ಮತ್ತೆ, ನಾವು ಮಸ್ಸೊಪ್ಪಿಗೆ ಹಾಕುವ ಚಕ್ಕೋತ ಸೊಪ್ಪೇ ಬೇರೆ. ಇದು ಮಗುವಿನ ತಲೆಯಷ್ಟು ದಪ್ಪದ ಹಣ್ಣು. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಮಾನ್ಯತೆ ಸಿಕ್ಕಿತು, ಮರಗಳು ಕಡಿಮೆಯಾದವು. ವಿಮಾನ ನಿಲ್ದಾಣಕ್ಕೆ, ಬಡಾವಣೆಗಳಿಗೆ ತೋಟ ಎಷ್ಟೋ ಹೋದವು. ಉಳಿದಿರುವ ಕಡೆ ಒಂದು ತೊಳೆ ಬಿಡಿಸಿ ಉಪ್ಪು-ಖಾರ ಹಾಕಿ ತಿಂದು ನೋಡಿ.

ವಿಜಯಪುರದ ದಾರಿ ಹಿಪ್ಪುನೇರಳೆಯ ದಾರಿ. ಅಲ್ಲಿಯ ರೇಷ್ಮೆಗೂಡಿನ ಮಾರುಕಟ್ಟೆ ಹೆಸರುವಾಸಿ. ಈ ಸೀಮೆಯ ಗೂಡಿನ ಎಳೆಯೇ ಎಲ್ಲೆಲ್ಲೋ ಸುತ್ತಿ ನಮ್ಮಂಥವರ ಮಗ್ಗಕ್ಕೂ ಬರುತ್ತದೆಯಲ್ಲ ಎಂದು ಯೋಚಿಸುವಷ್ಟರಲ್ಲಿ ಇಳಿಯುವ ಊರು ಬಂತು.

ಒಂದು ತೊಟ್ಟಿ ಮನೆಯ ಪಡಸಾಲೆ. ಹದಿನೈದು ಜನ ಅಂದಿದ್ದರು, ಮೂವತ್ತಕ್ಕೆ ಕಡಿಮೆ ಇರಲಿಲ್ಲ. ಮುಂದಿನ ಸಾಲಿನಲ್ಲಿ ಅಜ್ಜಿಯರು. ನನ್ನ ಎದೆ ಡವಡವ ಅಂದದ್ದು ಅವರನ್ನು ನೋಡಿಯೇ. ರಾಗಿಯಲ್ಲೇ ಹುಟ್ಟಿ ಬೆಳೆದವರಿಗೆ ನಾನು ರಾಗಿ ಕಲಿಸುವುದೇ? ಡಬ್ಬಿಗಳನ್ನು ಒಂದೊಂದಾಗಿ ತೆರೆದು ಕೈಯಿಂದ ಕೈಗೆ ದಾಟಿಸಿದೆ. ಅವರು ಮೂಸಿದರು, ಉಜ್ಜಿದರು, ಬಾಯಿಗೆ ಹಾಕಿಕೊಂಡರು. ಮಾತು ತಾನಾಗಿ ಬಂತು. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೪೦ ಮಿಲಿಗ್ರಾಂ ಸುಣ್ಣದಂಶ ಇದೆ, ಅಕ್ಕಿ ಗೋಧಿ ಹತ್ತಿರಕ್ಕೂ ಬರಲಾರವು ಎಂದಾಗ ಹಿಂದಿನ ಸಾಲಿನ ಹುಡುಗಿಯರು ಬರೆದುಕೊಂಡರು. ನುಂಗಬೇಕೆಂದಿದ್ದ ಹಂತ ನೆನಪಿದೆಯಲ್ಲ? ಮೊಳಕೆ ಎಲ್ಲಿಗೆ ನಿಲ್ಲಿಸಬೇಕೆನ್ನುವುದು ಅದು. ಅಷ್ಟೊಂದು ಕಣ್ಣುಗಳ ಮುಂದೆ ಮುಚ್ಚಿಡಲು ಆಗಲಿಲ್ಲ, ಕಾಳನ್ನು ಅಂಗೈಯಲ್ಲಿಟ್ಟು ತೋರಿಸಿಬಿಟ್ಟೆ.

ಆಮೇಲೆ ಒಲೆ ಹಚ್ಚಿದೆ. ಹಾಲು-ನೀರು ಕುದಿಯಿತು. ಒಬ್ಬಾಕೆ ಏನೋ ಕೇಳಿದಳು, ತಿರುಗಿ ಉತ್ತರ ಹೇಳುತ್ತಾ ಎರಡು ಚಮಚ ಹಿಟ್ಟನ್ನು ನೇರ ಕುದಿಯುವ ಹಾಲಿಗೇ ಸುರಿದೆ! ತಣ್ಣೀರಲ್ಲಿ ಕಲಸಿ ಹಾಕಬೇಕೆಂದು ಸಾವಿರ ಸಲ ಹೇಳಿಕೊಂಡವಳು. ಕಣ್ಣೆದುರೇ ಗೋಲಿಯಂಥ ಗಂಟುಗಳು ತೇಲಿದವು. ಪಡಸಾಲೆ ಸ್ತಬ್ಧ. ಮುಂದಿನ ಸಾಲಿನ ಒಬ್ಬ ಅಜ್ಜಿ ಬಗ್ಗಿ ನೋಡಿ, "ಹಿಟ್ಟು ತೊಳಸೋಕೆ ಬರದ ಸೊಸೆ ಮಾಡಿದಂಗಾಯ್ತಲ್ಲವ್ವ" ಅಂದರು. ಎಲ್ಲರೂ ಗೊಳ್ಳೆಂದರು. ನನಗೆ ಅಳು ಬರುವುದರಲ್ಲಿತ್ತು, ಹೇಗೋ ನಗು ಬಂತು. "ಹೌದಜ್ಜಿ, ಹೀಗೆ ಮಾಡಿದರೆ ಹೀಗಾಗುತ್ತೆ. ಈಗ ಇನ್ನೊಂದು ಥರ ನೋಡಿ" ಎಂದು ಬೇರೆ ಪಾತ್ರೆ ಇಟ್ಟು, ಎರಡು ಚಮಚ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ಐದು ನಿಮಿಷ ತಿರುವಿದೆ. ಎರಡು ಪಾತ್ರೆ ಪಕ್ಕಪಕ್ಕ ಇಟ್ಟಾಗ ಹೇಳಲು ಏನೂ ಉಳಿದಿರಲಿಲ್ಲ.

ಅಜ್ಜಿ ಬಿಡಲಿಲ್ಲ. "ಇದು ನೀರಾಗದಲ್ಲ? ನಮ್ಮ ಸರಿ ಗಟ್ಟಿಯಾಗಿರ್ತಿತ್ತು. ಹಿಟ್ಟು ಕಮ್ಮಿ ಹಾಕಿ ಮಾರೋ ಉಪಾಯವೋ?" ಈ ಪ್ರಶ್ನೆ ನಿಮ್ಮ ಮನೆಯಲ್ಲೂ ಏಳುತ್ತದೆ, ಆದ್ದರಿಂದ ಉತ್ತರ ಕೇಳಿ. ಮೊಳಕೆ ಬರುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆಯುತ್ತವೆ. ಹಾಗಾಗಿ ಅಷ್ಟೇ ಹಿಟ್ಟು ಹಾಕಿದರೂ ಸರಿ ತೆಳ್ಳಗಾಗುತ್ತದೆ. ಕೂಸಿನ ಹೊಟ್ಟೆ ಅದರ ಮುಷ್ಟಿಯಷ್ಟು. ಗಟ್ಟಿ ಸರಿಯನ್ನು ತೆಳ್ಳಗೆ ಮಾಡಲು ನೀರು ಸುರಿದರೆ ಹೊಟ್ಟೆ ತುಂಬುವುದು ನೀರಿನಿಂದ. ಇದು ತೆಳ್ಳಗಿದ್ದರೂ ಒಳಗೆ ಕಾಳು ಹೆಚ್ಚು ಹೋಗುತ್ತದೆ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೇ ಸಾಕು, ಆಮೇಲೆ ಇದನ್ನು ನೀರಿನಲ್ಲೇ ಬೇಯಿಸಿ ಕೊಡಿ, ವರ್ಷದೊಳಗಿನ ಕೂಸಿಗೆ ಬೆಲ್ಲ ಉಪ್ಪು ಬೇಡ. ದೊಡ್ಡವರಿಗೆ ಹಾಲು, ಬೆಲ್ಲ, ಏಲಕ್ಕಿ ನಿಮ್ಮಿಷ್ಟ. ಅಜ್ಜಿ ಒಂದು ಗುಟುಕು ಕುಡಿದು ಸುಮ್ಮನಾದರು. ಇನ್ನೊಂದು ಲೋಟ ತೆಗೆದುಕೊಂಡರು.

ಇಪ್ಪತ್ತು ಕಿಲೋ ಆಗಲಿಲ್ಲ. ಪಕ್ಕದ ಮನೆಯಾಕೆ ಹೇಳಿದ್ದು ಅರ್ಧ ನಿಜವಾಯಿತು: ಮನೆಯಲ್ಲಿ ಅಜ್ಜಿಯರಿರುವವರು ತಾವೇ ಮಾಡಿಕೊಳ್ಳುತ್ತೇವೆಂದರು. ಆದರೆ ಬೆಳಗಾದರೆ ಗಾರ್ಮೆಂಟ್ಸಿಗೆ, ವಿಮಾನ ನಿಲ್ದಾಣದ ಕೆಲಸಕ್ಕೆ ವ್ಯಾನು ಹತ್ತುವ ಹುಡುಗಿಯರಿಗೆ ರಾಗಿ ಕಟ್ಟಿಟ್ಟು ಕಾಯಲು ಪುರಸೊತ್ತೆಲ್ಲಿ? ಅವರೇ ಸೇರಿ ತಿಂಗಳಿಗೆ ಎಂಟು ಕಿಲೋ ಎಂದು ಹೆಸರು ಬರೆಸಿದರು. ಅಜ್ಜಿ ಹಿತ್ತಲಿಂದ ಒಂದು ಚಕ್ಕೋತ ತಂದು ಚೀಲಕ್ಕೆ ಹಾಕಿ, "ಹೊಸಕೋಟೆ ಕಡೆ ನನ್ನ ಮಗಳ ಊರಿದೆ, ಅಲ್ಲಿಗೂ ಬಾರವ್ವ. ಗಂಟು ಕಟ್ಟಿದ್ದನ್ನೂ ಮಾಡಿ ತೋರಿಸು" ಅಂದರು.

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಎರಡು ಮಗ್ಗ ಓಡುತ್ತಿದ್ದವು. ಯಜಮಾನರು ಖಾಲಿ ಡಬ್ಬಿಗಳನ್ನು ಎತ್ತಿ ನೋಡಿದರು, ಏನೂ ಕೇಳದೆ ಚಕ್ಕೋತ ಸುಲಿಯಲು ಕೂತರು. ನಾನು ಕಾಲು ತೊಳೆದು ಬಂದು ಎರಡು ಸೇರು ರಾಗಿ ನೆನೆಹಾಕಿದೆ.